ಬ್ರೇಕ್ ಹಾಕಿದ್ರೆ ಹೋಗಿ ಬೀಳೋದು ಎಲ್ಲಿಗೆ? ಸಿ ಭಾಷೆಯ ಜಂಪ್ ಸ್ಟೇಟ್‌ಮೆಂಟ್‌ಗಳನ್ನ ಬೆರಳಿಟ್ಟು ಕಲಿಯೋಣ

ಹೋದ ಶನಿವಾರ ಸಂಜೆ ಬಸವೇಶ್ವರನಗರದ ನಮ್ಮ ಬಿಲ್ಡಿಂಗಲ್ಲಿ ಮೇಲಿನ ಮನೆ ಹುಡುಗಿ ಲ್ಯಾಪ್‌ಟಾಪ್ ತೆಕ್ಕೊಂಡೇ ಮೆಟ್ಲಿಳಿದು ಬಂದ್ಲು. ಫಸ್ಟ್ ಇಯರ್ ಇಂಜಿನಿಯರಿಂಗು, ಸೋಮವಾರ ಸಿ ಲ್ಯಾಬ್ ಇಂಟರ್ನಲ್ಸ್. "ಅಕ್ಕ, ನಾಲ್ಕು ಒತ್ತಿದ್ರೆ ಪ್ರೋಗ್ರಾಂ ನಿಲ್ಬೇಕು, ನಿಲ್ತಾನೇ ಇಲ್ಲ, ಬ್ರೇಕ್ ಹಾಕಿದೀನಿ ನೋಡಿ ಇಲ್ಲಿ" ಅಂತ ಸ್ಕ್ರೀನ್ ತೋರಿಸಿದ್ಲು. ಬ್ರೇಕ್ ಇತ್ತು, ಸ್ಪೆಲ್ಲಿಂಗ್ ಸರಿ ಇತ್ತು, ಸೆಮಿಕೋಲನ್ ಕೂಡ ಇತ್ತು. ನಾನು ಒಂದೇ ಪ್ರಶ್ನೆ ಕೇಳಿದ್ದು: "ಈ ಬ್ರೇಕ್ ಆದ್ಮೇಲೆ ಮುಂದೆ ಯಾವ ಸಾಲು ನಡಿಯತ್ತೆ, ಅದರ ಮೇಲೆ ಬೆರಳಿಡು." ಅವಳ ಬೆರಳು ಗಾಳಿಯಲ್ಲೇ ನಿಂತ್ಬಿಡ್ತು.

ನಾನು ಹನ್ನೆರಡು ವರ್ಷದಿಂದ ಪೀಣ್ಯ ಕಡೆ ಸಿ ನಲ್ಲೇ ಕೋಡ್ ಬರೀತಿದೀನಿ, ಭಾನುವಾರ ಬೆಳಗ್ಗೆ ಅಕ್ಕಪಕ್ಕದ ಮಕ್ಕಳಿಗೆ ಹೇಳ್ಕೊಡ್ತೀನಿ. ಸಾಲಾಗಿ ಓಡ್ತಿರೋ ಪ್ರೋಗ್ರಾಮನ್ನ ಬೇರೆ ಸಾಲಿಗೆ ಹಾರಿಸೋ ಸ್ಟೇಟ್‌ಮೆಂಟ್‌ಗಳೇ ಜಂಪ್ ಸ್ಟೇಟ್‌ಮೆಂಟು: ಬ್ರೇಕ್, ಕಂಟಿನ್ಯೂ, ಗೋಟು, ರಿಟರ್ನ್. ಈ ನಾಲ್ಕರ ಡೆಫಿನಿಷನ್ ಎಲ್ರಿಗೂ ಬಾಯಿಪಾಠ ಇರತ್ತೆ, ಎಕ್ಸಾಮಲ್ಲಿ ಐದು ಮಾರ್ಕ್ಸೂ ಬರತ್ತೆ, ಆದ್ರೆ ಹಾರಿದ್ಮೇಲೆ ಎಲ್ಲಿ ಬೀಳ್ತೀವಿ ಅನ್ನೋದನ್ನ ಯಾರೂ ಬೆರಳಿಟ್ಟು ನೋಡಿರಲ್ಲ. ಹಾಗಾಗಿ ಈ ಲೇಖನದುದ್ದಕ್ಕೂ ನಿಮ್ಮಿಂದ ನಂಗೆ ಬೇಕಾಗಿರೋದು ಒಂದೇ: ಒಂದು ಪೆನ್ಸಿಲ್ ಇಟ್ಕೊಳಿ, ಪ್ರತಿ ಜಂಪ್‌ಗೂ ಅದು ಬೀಳೋ ಸಾಲಿಗೆ ಒಂದು ಬಾಣ ಎಳೀರಿ.

ಕೋಡ್‌ನ ಓದೋಕೆ ಅನುಕೂಲ ಆಗ್ಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದೀನಿ. ಇದನ್ನ ಹಾಗೇ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಕಂಪೈಲ್ ಆಗಲ್ಲ, ಎಡಿಟರಲ್ಲಿ ಕೀವರ್ಡ್ ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ನೀವೇ ಟೈಪ್ ಮಾಡಿ, ಕೈಯಲ್ಲಿ ಟೈಪ್ ಮಾಡಿದ್ರೇನೇ ತಲೆಗೂ ಹೋಗೋದು.

ಮೊದಲು ಕಂಪೈಲರ್ ರೆಡಿ ಮಾಡ್ಕೊಳಿ

ಕಾಲೇಜಲ್ಲಿ ಇನ್ನೂ ಟರ್ಬೋ ಸಿ ನೀಲಿ ಸ್ಕ್ರೀನ್ ಇದ್ರೆ ಲ್ಯಾಬಿಗೆ ಅದು ಓಕೆ, ಮನೇಲಿ ಮಾತ್ರ ಜಿಸಿಸಿ ಅನ್ನೋ ಕಂಪೈಲರ್ ಹಾಕ್ಕೊಳಿ. ಕಂಪೈಲ್ ಮಾಡುವಾಗ ಡಬ್ಲ್ಯೂ ಆಲ್, ಡಬ್ಲ್ಯೂ ಎಕ್ಸ್‌ಟ್ರಾ ಅನ್ನೋ ಎರಡು ವಾರ್ನಿಂಗ್ ಫ್ಲ್ಯಾಗ್‌ಗಳನ್ನ (ಅನುಮಾನದ ಸಾಲು ಕಂಡ್ರೆ ಎಚ್ಚರಿಸು ಅಂತ ಕಂಪೈಲರ್‌ಗೆ ಹೇಳೋ ಆಯ್ಕೆಗಳು) ತಪ್ಪದೇ ಕೊಡಿ, ಯಾಕೆ ಅಂತ ಮುಂದೆ ಬರತ್ತೆ. ಪ್ರೋಗ್ರಾಂ ಸಿಕ್ಕಾಕ್ಕೊಂಡು ಸುತ್ತೋಕೆ ಶುರು ಮಾಡಿದ್ರೆ ಕಂಟ್ರೋಲ್ ಸಿ ಒತ್ತಿ.

ಬ್ರೇಕ್, ಕಂಟಿನ್ಯೂ ಎರಡನ್ನೂ ಒಟ್ಟಿಗೇ ನೋಡೋಣ

ಬೇಸಿಗೆಲಿ ನಮ್ಮ ಬಿಲ್ಡಿಂಗಿಗೆ ನೀರಿನ ಟ್ಯಾಂಕರ್ ಬರತ್ತೆ, ದಿನಕ್ಕೆ ಎಷ್ಟು ಲೀಟರ್ ಬಂತು ಅಂತ ಒಂದು ಪುಸ್ತಕದಲ್ಲಿ ಬರ್ದಿಡ್ತೀವಿ. ಅದನ್ನೇ ಒಂದು ಅರೇ ಅಂದ್ಕೊಳಿ, ದಿನಕ್ಕೊಂದರಂತೆ ತಿಂಗಳಿಗೆ 30 ಖಾನೆ. ಟ್ಯಾಂಕರ್ ಬರದಿದ್ದ ದಿನ ಸೊನ್ನೆ, ಇನ್ನೂ ಬರೆದೇ ಇಲ್ಲದ ದಿನಗಳಿಗೆ ಮೈನಸ್ ಒಂದು. ಬಂದ ದಿನಗಳ ಸರಾಸರಿ ಬೇಕು. ಮೊತ್ತ, ಬಂದದಿನ ಎರಡೂ ಸೊನ್ನೆಯಿಂದ ಶುರು.

ಫಾರ್ (ದಿನ = 0; ದಿನ < 30; ದಿನ++) {
    ಇಫ್ (ಲೀಟರ್[ದಿನ] < 0) ಬ್ರೇಕ್;
    ಇಫ್ (ಲೀಟರ್[ದಿನ] == 0) ಕಂಟಿನ್ಯೂ;
    ಮೊತ್ತ += ಲೀಟರ್[ದಿನ];
    ಬಂದದಿನ++;
}
ಇಫ್ (ಬಂದದಿನ > 0)
    ಸರಾಸರಿ = ಮೊತ್ತ / ಬಂದದಿನ;

ಅರೇಲಿ 6000, 0, 6000, 12000, 0, ಆಮೇಲೆಲ್ಲಾ ಮೈನಸ್ ಒಂದು ಅಂತಿಟ್ಕೊಳಿ. ಈಗ ಪೆನ್ಸಿಲ್ ತಗೊಳಿ. ದಿನ 0, ಎರಡೂ ಇಫ್ ಸುಳ್ಳು, ಮೊತ್ತ 6000. ದಿನ 1, ಎರಡನೇ ಇಫ್ ನಿಜ, ಕಂಟಿನ್ಯೂ. ಇದು ಎಲ್ಲಿ ಬೀಳತ್ತೆ? ತುಂಬಾ ಜನ ಲೂಪಿನ ಮೊದಲ ಸಾಲಿಗೆ ಅಂತಾರೆ. ಅಲ್ಲ, ಫಾರ್ ಲೂಪಲ್ಲಿ ಕಂಟಿನ್ಯೂ ಬೀಳೋದು ಆ ದಿನ++ ಮೇಲೆ, ಆಮೇಲೆ ಕಂಡಿಷನ್ ಚೆಕ್, ಆಮೇಲೆ ತಾನೆ ಒಳಗೆ. ಬಾಣ ಅಲ್ಲಿಗೇ ಎಳೀರಿ. ದಿನ 2, ಮೊತ್ತ 12000. ದಿನ 3, ಮೊತ್ತ 24000. ದಿನ 4 ಸೊನ್ನೆ, ಮತ್ತೆ ಕಂಟಿನ್ಯೂ. ದಿನ 5 ಮೈನಸ್, ಬ್ರೇಕ್. ಬ್ರೇಕ್ ಬೀಳೋದು ಲೂಪ್ ಮುಚ್ಚೋ ಬ್ರಾಕೆಟ್ ಆದ್ಮೇಲಿನ ಸಾಲಿಗೆ, ಮಧ್ಯ ದಿನ++ ನಡಿಯಲ್ಲ, ಅದಕ್ಕೇ ಹೊರಗೆ ಬಂದ್ಮೇಲೂ ದಿನ ಅನ್ನೋದು 5 ಆಗೇ ಉಳಿದಿರತ್ತೆ (ಲೂಪಿನ ಹೊರಗೆ ಡಿಕ್ಲೇರ್ ಮಾಡಿದ್ರೆ ಮಾತ್ರ ನೋಡೋಕೆ ಸಿಗತ್ತೆ). ಎಷ್ಟು ದಿನದ ಲೆಕ್ಕ ಬರೆದಿದೆ ಅನ್ನೋದು ಪುಕ್ಕಟೆ ಗೊತ್ತಾಯ್ತು. ಮೊತ್ತ 24000, ಬಂದ ದಿನ 3, ಸರಾಸರಿ 8000 ಲೀಟರ್. ಕೊನೇಲಿರೋ ಆ ಇಫ್ ಯಾಕೆ ಅಂದ್ರೆ ಒಂದು ದಿನಾನೂ ಟ್ಯಾಂಕರ್ ಬರದಿದ್ರೆ ಸೊನ್ನೆಯಿಂದ ಭಾಗ್ಸೋಕೆ ಹೋಗ್ತೀವಿ, ಕಂಟಿನ್ಯೂ ಇರೋ ಲೂಪಾದ್ಮೇಲೆ ಈ ಚೆಕ್ ಹಾಕೋ ಅಭ್ಯಾಸ ಇಟ್ಕೊಳಿ, ಯಾಕಂದ್ರೆ ಎಲ್ಲಾ ಸುತ್ತೂ ಸ್ಕಿಪ್ ಆಗಿರೋ ಸಾಧ್ಯತೆ ಯಾವಾಗ್ಲೂ ಇರತ್ತೆ.

ಈಗ ಇದನ್ನೇ ವೈಲ್ ಲೂಪಿಗೆ ಬದಲಾಯಿಸಿ ನೋಡಿ, ಇಲ್ಲೇ ಎಲ್ರೂ ಎಡವೋದು.

ದಿನ = 0;
ವೈಲ್ (ದಿನ < 30) {
    ಇಫ್ (ಲೀಟರ್[ದಿನ] < 0) ಬ್ರೇಕ್;
    ಇಫ್ (ಲೀಟರ್[ದಿನ] == 0) ಕಂಟಿನ್ಯೂ;
    ಮೊತ್ತ += ಲೀಟರ್[ದಿನ];
    ಬಂದದಿನ++;
    ದಿನ++;
}

ವೈಲಲ್ಲಿ ಕಂಟಿನ್ಯೂ ನೇರ ಕಂಡಿಷನ್ ಮೇಲೆ ಬೀಳತ್ತೆ. ದಿನ++ ಇರೋದು ಕೆಳಗೆ, ಅಲ್ಲಿಗೆ ತಲುಪೋದೇ ಇಲ್ಲ. ದಿನ 1 ರಲ್ಲಿ ಸೊನ್ನೆ ಸಿಕ್ತು, ಕಂಟಿನ್ಯೂ, ಮತ್ತೆ ದಿನ 1, ಮತ್ತೆ ಸೊನ್ನೆ, ಮತ್ತೆ ಕಂಟಿನ್ಯೂ, ಹೀಗೇ ಫ್ಯಾನ್ ಜೋರಾಗಿ ತಿರುಗೋವರೆಗೂ. ಸರಿ ಮಾಡೋಕೆ ಕಂಟಿನ್ಯೂಗೆ ಮುಂಚೆ ದಿನ++ ಹಾಕ್ಬಹುದು, ಆದ್ರೆ ನನ್ನ ಅಭಿಪ್ರಾಯ ಏನಂದ್ರೆ ಎಣಿಕೆ ಇರೋ ಕಡೆ ಕಂಟಿನ್ಯೂ ಬೇಕು ಅನ್ಸಿದ್ರೆ ಫಾರ್ ಲೂಪನ್ನೇ ಬಳಸಿ, ಎಣಿಕೆ ತಪ್ಪಿಸ್ಕೊಳ್ಳೋಕೆ ಜಾಗಾನೇ ಇರಲ್ಲ.

ಡೂ ವೈಲ್ ಇದೆಯಲ್ಲ, ಅದರಲ್ಲಿ ಕಂಟಿನ್ಯೂ ಮೇಲಿನ ಡೂ ಕಡೆ ಹೋಗಲ್ಲ, ಕೆಳಗಿನ ಕಂಡಿಷನ್‌ಗೆ ಹೋಗತ್ತೆ. ಹಾಗಾಗಿ ಡೂ ಒಳಗೆ ಕಂಟಿನ್ಯೂ ಬರೆದು ಕೆಳಗೆ ವೈಲ್ (0) ಅಂತ ಇದ್ರೆ ಒಂದೇ ಸುತ್ತಿಗೆ ಹೊರಗೆ ಬರ್ತೀರಿ. ಇಂಟರ್ವ್ಯೂಲಿ ಇದನ್ನ ಇಷ್ಟಪಟ್ಟು ಕೇಳ್ತಾರೆ.

ಸ್ವಿಚ್ ಒಳಗಿನ ಬ್ರೇಕ್: ಆ ಹುಡುಗಿ ಸಿಕ್ಕಾಕ್ಕೊಂಡಿದ್ದು ಇಲ್ಲೇ

ಅವಳ ಪ್ರೋಗ್ರಾಂ ದರ್ಶಿನಿ ಕೌಂಟರ್ ಬಿಲ್. ಒಂದು ಒತ್ತಿದ್ರೆ ಇಡ್ಲಿ 40, ಎರಡು ದೋಸೆ 70, ಮೂರು ಕಾಫಿ 20, ನಾಲ್ಕು ಒತ್ತಿದ್ರೆ ಮುಗೀತು.

ವೈಲ್ (1) {
    ಸ್ಕ್ಯಾನ್‌ಎಫ್("%ಡಿ", &ಆಯ್ಕೆ);
    ಸ್ವಿಚ್ (ಆಯ್ಕೆ) {
        ಕೇಸ್ 1: ಬಿಲ್ += 40; ಬ್ರೇಕ್;
        ಕೇಸ್ 2: ಬಿಲ್ += 70; ಬ್ರೇಕ್;
        ಕೇಸ್ 3: ಬಿಲ್ += 20; ಬ್ರೇಕ್;
        ಕೇಸ್ 4: ಬ್ರೇಕ್;
    }
    ಪ್ರಿಂಟ್‌ಎಫ್("ಬಿಲ್ %ಡಿ\ಎನ್", ಬಿಲ್);
}

ಬ್ರೇಕ್‌ಗೆ ಒಂದೇ ನಿಯಮ, ತನ್ನನ್ನ ಸುತ್ತುವರಿದಿರೋ ತೀರಾ ಹತ್ತಿರದ ಲೂಪು ಅಥವಾ ಸ್ವಿಚ್, ಎರಡರಲ್ಲಿ ಯಾವುದು ಒಳಗಿದೆಯೋ ಅದರಿಂದ ಹೊರಗೆ. ಕೇಸ್ 4 ರ ಬ್ರೇಕ್‌ಗೆ ಹತ್ತಿರ ಇರೋದು ಸ್ವಿಚ್. ಹಾಗಾಗಿ ಅದು ಬೀಳೋದು ಪ್ರಿಂಟ್‌ಎಫ್ ಮೇಲೆ, ಬಿಲ್ ತೋರಿಸಿ ಮತ್ತೆ ವೈಲ್ (1), ಮತ್ತೆ ನಂಬರ್ ಕೇಳತ್ತೆ. ಅವಳು ಬಾಣ ಎಳೆದ ತಕ್ಷಣ ನಾನು ಹೇಳೋಕೆ ಮುಂಚೆನೇ "ಅಯ್ಯೋ, ಇದು ಸ್ವಿಚ್‌ದು" ಅಂದ್ಲು. ಆಮೇಲೆ ಮೇಲೆ ಇಂಟ್ ನಡೀತಿದೆ = 1 ಅಂತ ಒಂದು ವೇರಿಯಬಲ್ ಇಟ್ಟು, ವೈಲ್ (ನಡೀತಿದೆ) ಅಂತ ಬದಲಾಯಿಸಿ, ಕೇಸ್ 4 ರಲ್ಲಿ ನಡೀತಿದೆ = 0 ಮಾಡಿ ಬ್ರೇಕ್ ಹಾಕಿದ್ಲು. ನಾಲ್ಕು ಒತ್ತಿದ್ಲು, ಕೊನೇ ಬಿಲ್ ಬಂತು, ಪ್ರೋಗ್ರಾಂ ನಿಂತ್ತು.

ಇನ್ನೊಂದು ವಿಷ್ಯ ಗಮನ ಇರ್ಲಿ, ಕಂಟಿನ್ಯೂಗೆ ಸ್ವಿಚ್ ಕಾಣ್ಸೋದೇ ಇಲ್ಲ. ಸ್ವಿಚ್ ಒಳಗೆ ಕಂಟಿನ್ಯೂ ಬರೆದ್ರೆ ಅದು ಸ್ವಿಚ್ ದಾಟಿ ಹೊರಗಿನ ಲೂಪಿನ ಮುಂದಿನ ಸುತ್ತಿಗೇ ಹೋಗತ್ತೆ, ವೈಲ್ ಆದ್ರೆ ಕಂಡಿಷನ್‌ಗೆ, ಫಾರ್ ಆದ್ರೆ ಎಣಿಕೆ ಏರಿಸೋ ಭಾಗಕ್ಕೆ. ಒಂದೇ ಜಾಗದಲ್ಲಿ ನಿಂತಿರೋ ಎರಡು ಕೀವರ್ಡು ಬೇರೆ ಬೇರೆ ಗೋಡೆ ಹಾರತ್ತೆ.

ಮತ್ತೆ ಕೇಸಲ್ಲಿ ಬ್ರೇಕ್ ಮರೆತ್ರೆ? ಮೂರೂ ಬ್ರೇಕ್ ತೆಗೆದು ಒಂದು ಒತ್ತಿ ನೋಡಿ, ಒಂದು ಪ್ಲೇಟ್ ಇಡ್ಲಿಗೆ 130 ರೂಪಾಯಿ ಬಿಲ್ ಬರತ್ತೆ, ಯಾಕಂದ್ರೆ ಇಡ್ಲಿ ಆದ್ಮೇಲೆ ದೋಸೆ, ಕಾಫಿ ಎಲ್ಲಾ ಕೂಡ್ಕೊಂಡು ಕೆಳಗಿಳಿಯತ್ತೆ. ಬೇಕು ಅಂತಾನೇ ಹೀಗೆ ಬಿಡೋದೂ ಉಂಟು, ತಿಂಗಳಿಗೆ ಎಷ್ಟು ದಿನ ಅಂತ ಹೇಳೋ ಪ್ರೋಗ್ರಾಮಲ್ಲಿ ಕೇಸ್ 4, 6, 9, 11 ನಾಲ್ಕನ್ನೂ ಒಂದರ ಕೆಳಗೊಂದು ಇಟ್ಟು 30 ಅಂತ ಒಂದೇ ಸಲ ಬರೀಬಹುದು. ಬೇಕಂತ ಬಿಟ್ಟಿದ್ದು, ಮರೆತು ಬಿಟ್ಟಿದ್ದು ಕಣ್ಣಿಗೆ ಒಂದೇ ತರ ಕಾಣತ್ತೆ, ಅದಕ್ಕೇ ಡಬ್ಲ್ಯೂ ಎಕ್ಸ್‌ಟ್ರಾ ಫ್ಲ್ಯಾಗ್ ಕೊಡಿ ಅಂದಿದ್ದು, ಜಿಸಿಸಿ 7 ರಿಂದ ಈಚೆಗೆ ಮಧ್ಯದಲ್ಲಿ ಕೋಡಿದ್ದು ಬ್ರೇಕ್ ಇಲ್ದಿದ್ರೆ ವಾರ್ನಿಂಗ್ ಕೊಡತ್ತೆ.

ಇದೆಲ್ಲ ಕಾಲೇಜು ಹುಡುಗರ ತಪ್ಪು ಅಂದ್ಕೋಬೇಡಿ. 1990 ರ ಜನವರಿ 15 ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಊರಿನ ಫೋನ್ ಕರೆಗಳ ಜಾಲ ಸುಮಾರು ಒಂಬತ್ತು ಗಂಟೆ ಕಾಲ ಕುಸಿದಿತ್ತು. 114 ದೊಡ್ಡ ಎಕ್ಸ್‌ಚೇಂಜ್‌ಗಳು ಒಂದಾದ ಮೇಲೊಂದು ರೀಸ್ಟಾರ್ಟ್ ಆಗ್ತಾ ಪಕ್ಕದವನ್ನೂ ಕೆಡಿಸ್ತಾ ಹೋದ್ವು. ಸಿ ನಲ್ಲಿ ಬರೆದ ಹೊಸ ಅಪ್‌ಡೇಟಲ್ಲಿ ಸ್ವಿಚ್ಚಿನ ಒಂದು ಕೇಸ್, ಅದರೊಳಗೊಂದು ಇಫ್, ಆ ಇಫ್ ಒಳಗೊಂದು ಬ್ರೇಕ್ ಇತ್ತು. ಇಫ್‌ನಿಂದ ಮಾತ್ರ ಹೊರಗೆ ಬರ್ಬೇಕಿತ್ತು, ಅದು ಸ್ವಿಚ್ಚಿಂದಾನೇ ಹೊರಗೆ ಹೋಯ್ತು. ಇಫ್‌ಗೂ ಬ್ರೇಕ್‌ಗೂ ಸಂಬಂಧಾನೇ ಇಲ್ಲ ಅನ್ನೋದನ್ನ ನೋಟ್ಸಲ್ಲಿ ಅಂಡರ್‌ಲೈನ್ ಮಾಡ್ಕೊಳಿ.

ಲೂಪ್ ಒಳಗೆ ಲೂಪ್ ಇದ್ದಾಗ

ಎರಡು ಲೆವೆಲ್ ಬೇಸ್‌ಮೆಂಟ್ ಪಾರ್ಕಿಂಗ್, ಒಂದೊಂದು ಲೆವೆಲಲ್ಲೂ 20 ಜಾಗ. ಮೊದಲು ಸಿಗೋ ಖಾಲಿ ಜಾಗ ಹುಡುಕ್ಬೇಕು.

ಫಾರ್ (ಲೆವೆಲ್ = 0; ಲೆವೆಲ್ < 2; ಲೆವೆಲ್++) {
    ಫಾರ್ (ಜಾಗ = 0; ಜಾಗ < 20; ಜಾಗ++) {
        ಇಫ್ (ಗಾಡಿ[ಲೆವೆಲ್][ಜಾಗ] == 0)
            ಬ್ರೇಕ್;
    }
}

ಲೆವೆಲ್ 0 ರಲ್ಲಿ ಏಳನೇ ಜಾಗ ಖಾಲಿ ಅಂತಿಟ್ಕೊಳಿ. ಬ್ರೇಕ್ ಬೀಳೋದು ಒಳಗಿನ ಲೂಪ್ ಆದ್ಮೇಲೆ, ಅಂದ್ರೆ ಹೊರಗಿನ ಲೂಪಿನ ಕೊನೇಲಿ, ಅಲ್ಲಿಂದ ಲೆವೆಲ್++, ಮತ್ತೆ ಎರಡನೇ ಬೇಸ್‌ಮೆಂಟ್ ಹುಡುಕೋಕೆ ಹೋಗತ್ತೆ. ಎಲ್ಲಾ ಮುಗಿದ್ಮೇಲೆ ಲೆವೆಲ್ ಯಾವಾಗ್ಲೂ 2, ಸಿಕ್ಕಿದ ಜಾಗದ ಗುರುತೇ ಇಲ್ಲ. ಎರಡು ಲೂಪ್ ಒಟ್ಟಿಗೆ ಮುರಿಯೋ ಬ್ರೇಕ್ ಸಿ ನಲ್ಲಿ ಇಲ್ಲ.

ಫ್ಲ್ಯಾಗ್ (ಸಿಕ್ತಾ ಇಲ್ವಾ ಅಂತ ನೆನಪಿಡೋ ಒಂದು ವೇರಿಯಬಲ್) ಇಟ್ಟು ಮಾಡ್ಬಹುದು, ಸಿಕ್ತು = 1 ಮಾಡಿ ಬ್ರೇಕ್, ಹೊರಗಿನ ಫಾರ್ ಕಂಡಿಷನಲ್ಲಿ && !ಸಿಕ್ತು ಸೇರ್ಸೋದು. ಆದ್ರೆ ಆಗ್ಲೂ ಲೆವೆಲ್++ ಒಂದ್ಸಲ ನಡೆದೇ ಇರತ್ತೆ, ಲೆವೆಲ್ ನಂಬರ್ ಬೇರೆ ವೇರಿಯಬಲಲ್ಲಿ ಉಳಿಸಿಕೊಳ್ದಿದ್ರೆ ಒಂದು ಲೆವೆಲ್ ತಪ್ಪು ಹೇಳ್ತೀರಿ. ನಂಗೆ ಇಷ್ಟ ಆಗೋದು ಈ ಹುಡುಕಾಟವನ್ನೇ ಒಂದು ಫಂಕ್ಷನ್ ಮಾಡ್ಬಿಡೋದು, ಸಿಕ್ಕಿದ ಕಡೆನೇ ರಿಟರ್ನ್ ಲೆವೆಲ್ * 20 + ಜಾಗ, ಕೆಳಗೆ ಎರಡೂ ಲೂಪ್ ಆದ್ಮೇಲೆ ರಿಟರ್ನ್ -1. ಎಷ್ಟು ಲೂಪ್ ಒಳಗಿದ್ರೂ ರಿಟರ್ನ್ ಒಂದೇ ಏಟಿಗೆ ಹೊರಗೆ ತರತ್ತೆ, ಓದೋರಿಗೂ ಏನು ನಡೀತಿದೆ ಅಂತ ಫಂಕ್ಷನ್ ಹೆಸರಲ್ಲೇ ಗೊತ್ತಾಗತ್ತೆ.

ರಿಟರ್ನ್

ರಿಟರ್ನ್ ಬೀಳೋದು ಫಂಕ್ಷನ್ ಕರೆದ ಜಾಗಕ್ಕೆ, ಬರೋವಾಗ ಕೈಯಲ್ಲಿ ಒಂದು ಬೆಲೆ ಹಿಡ್ಕೊಂಡು. ವಾಯ್ಡ್ ಫಂಕ್ಷನ್ ಆದ್ರೆ ಬರಿಗೈ. ಇಂಟ್ ಕೊಡ್ತೀನಿ ಅಂತ ಹೇಳಿ ಒಂದು ದಾರೀಲಿ ರಿಟರ್ನ್ ಮರೆತ್ರೆ, ಕರೆದೋರು ಆ ಬೆಲೆ ಬಳಸಿದಾಗ ಏನು ಬೇಕಾದ್ರೂ ಬರ್ಬಹುದು, ಡಬ್ಲ್ಯೂ ಆಲ್ ಫ್ಲ್ಯಾಗ್ ಇದನ್ನ ಹಿಡಿಯತ್ತೆ. ಮೇನ್‌ಗೆ ಮಾತ್ರ ರಿಯಾಯಿತಿ ಇದೆ, ಸಿ99 ಸ್ಟ್ಯಾಂಡರ್ಡ್‌ನಿಂದ ಮೇನ್ ಕೊನೆವರೆಗೂ ಹೋದ್ರೆ ರಿಟರ್ನ್ 0 ಅಂತಲೇ ಲೆಕ್ಕ. ಫಂಕ್ಷನ್ ಒಳಗಿನ ಲೋಕಲ್ ಅರೇ ವಿಳಾಸವನ್ನ ರಿಟರ್ನ್ ಮಾಡ್ಬೇಡಿ, ನೀವು ಹೊರಗೆ ಬರೋಷ್ಟ್ರಲ್ಲಿ ಆ ಅರೇ ಬದುಕಿರಲ್ಲ.

ರಿಟರ್ನಿಂದ ನಾನು ಪಾಠ ಕಲಿತಿದ್ದು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಲಿನಕ್ಸ್ ಮೇಲೆ ಓಡೋ ಒಂದು ಡಬ್ಬಿ, ಗಂಟೆಗೊಂದ್ಸಲ ಸೆಟ್ಟಿಂಗ್ ಫೈಲ್ ಓದತ್ತೆ. ಎಲ್ಲಾ ಕಡೆ ಸರಿ ಇತ್ತು, ಒಂದೇ ಒಂದು ಸೈಟಲ್ಲಿ ಹೆಚ್ಚುಕಮ್ಮಿ 42 ದಿನಕ್ಕೊಂದ್ಸಲ ಸತ್ತೋಗೋದು, ರೀಸ್ಟಾರ್ಟ್ ಮಾಡಿದ್ರೆ ಮತ್ತೆ 42 ದಿನ. ವಾರಗಟ್ಟಲೆ ಕರೆಂಟು, ವೈರು, ಬಿಸಿಲು ಎಲ್ಲದರ ಮೇಲೂ ಅನುಮಾನ ಪಟ್ವಿ. ಕೊನೆಗೆ ನೋಡಿದ್ರೆ ಆ ಸೈಟಿನ ಫೈಲಲ್ಲಿ ಒಂದು ಸಾಲು ಇರ್ಲಿಲ್ಲ, ಸಾಲು ಇಲ್ದಿದ್ರೆ ನಮ್ಮ ಕೋಡು ರಿಟರ್ನ್ -1 ಅಂತ ಹೊರಟುಬಿಡ್ತಿತ್ತು, ಅದರ ಕೆಳಗಿದ್ದ, ತೆರೆದ ಫೈಲ್ ಮುಚ್ಚೋ ಎಫ್‌ಕ್ಲೋಸ್‌ಗೆ ತಲುಪ್ತಾನೇ ಇರ್ಲಿಲ್ಲ. ಆ ಡಬ್ಬೀಲಿ ಒಂದು ಪ್ರೊಸೆಸ್ 1024 ಫೈಲ್ ಮಾತ್ರ ತೆರೆದಿಡಬಹುದಿತ್ತು, ಇನ್‌ಪುಟ್ ಔಟ್‌ಪುಟ್ ಎರರ್ ಮೂರು ಮೊದಲೇ ತೆರೆದಿರತ್ತೆ, ಉಳಿದಿದ್ದು 1021. ಗಂಟೆಗೊಂದರಂತೆ 1021 ಗಂಟೆ ಅಂದ್ರೆ ನಲವತ್ತೆರಡೂವರೆ ದಿನ. ಆ ಭಾಗಾಕಾರ ಮಾಡಿದಾಗ ನಂಗೆ ಮೈ ಜುಂ ಅಂತು. ಬೀಳೋ ಜಾಗ ನೋಡೋದರ ಜೊತೆಗೆ, ಹಾರುವಾಗ ಯಾವ ಯಾವ ಸಾಲು ಬಿಟ್ಟು ಹೋಗ್ತಿದೀವಿ ಅನ್ನೋದನ್ನೂ ನೋಡೋಕೆ ಶುರು ಮಾಡಿದ್ದು ಅವತ್ತಿಂದ.

ಗೋಟು ಅಂದ್ರೆ ಹೆದರ್ಬೇಡಿ

ಕ್ಲಾಸಲ್ಲಿ ಗೋಟು ಬಳಸ್ಲೇಬಾರ್ದು ಅಂತಾರೆ. ಈ ಮಾತು 1968 ರಿಂದ ಬಂದಿದ್ದು, ಡೈಕ್‌ಸ್ಟ್ರಾ ಅನ್ನೋ ಡಚ್ ಕಂಪ್ಯೂಟರ್ ವಿಜ್ಞಾನಿ ಗೋಟು ಹಾನಿಕರ ಅನ್ನೋ ಅರ್ಥದ ಒಂದು ಪತ್ರ ಪ್ರಕಟಿಸಿದ್ರು. ಆಗಿನ ಕೋಡಲ್ಲಿ ಲೂಪು ಕಟ್ಟೋಕೂ ಗೋಟು, ಇಫ್‌ಗೂ ಗೋಟು, ಓದೋರು ಮೇಲೆ ಕೆಳಗೆ ಓಡಾಡಿ ಸುಸ್ತಾಗೋರು. ಮೇಲ್ಮುಖವಾಗಿ ಹಾರಿ ಲೂಪ್ ಕಟ್ಟೋ ಗೋಟು ಇವತ್ತಿಗೂ ಬೇಡ. ಆದ್ರೆ ಕೆಳಮುಖವಾಗಿ, ತೆಗೆದಿದ್ದನ್ನೆಲ್ಲ ಮುಚ್ಚೋಕೆ ಹೋಗೋ ಗೋಟು ಒಳ್ಳೇದು, ಲಿನಕ್ಸ್ ಕರ್ನಲ್‌ನ ಕೋಡಿಂಗ್ ಶೈಲಿಯ ಕೈಪಿಡಿಯೇ ಇದನ್ನ ಒಪ್ಪತ್ತೆ. ನನ್ನ ಆ 42 ದಿನದ ಕೋಡು ಸರಿಯಾಗಿದ್ದು ಹೀಗೆ:

ಇಂಟ್ ಫಲ = -1;
ಫೈಲ್ *ಕಡತ = ಎಫ್‌ಓಪನ್(ಹೆಸರು, "ಆರ್");
ಇಫ್ (ಕಡತ == ನಲ್) ರಿಟರ್ನ್ -1;
ಚಾರ್ *ಬಫರ್ = ಮ್ಯಾಲಕ್(512);
ಇಫ್ (ಬಫರ್ == ನಲ್) ಗೋಟು ಕಡತ_ಮುಚ್ಚು;
ಇಫ್ (ಓದು(ಕಡತ, ಬಫರ್) < 0) ಗೋಟು ಬಫರ್_ಬಿಡು;
ಫಲ = 0;
ಬಫರ್_ಬಿಡು:
    ಫ್ರೀ(ಬಫರ್);
ಕಡತ_ಮುಚ್ಚು:
    ಎಫ್‌ಕ್ಲೋಸ್(ಕಡತ);
    ರಿಟರ್ನ್ ಫಲ;

ತೆಗೆದಿದ್ದು ಮೊದಲು ಕಡತ, ಆಮೇಲೆ ಬಫರ್. ಮುಚ್ಚೋದು ಉಲ್ಟಾ. ಯಾವ ಹಂತದಲ್ಲಿ ಕೆಟ್ರೂ ಅಲ್ಲಿವರೆಗೆ ತೆಗೆದಿದ್ದು ಮಾತ್ರ ಮುಚ್ಚತ್ತೆ, ಎಲ್ಲಾ ಸರಿ ಹೋದ್ರೂ ಅದೇ ದಾರೀಲಿ ಇಳಿಯತ್ತೆ. ಗೋಟು ಬೀಳೋದು ಅದು ಹೇಳಿದ ಹೆಸರಿನ ಲೇಬಲ್ ಮೇಲೆ, ಅಂದ್ರೆ ಮುಂದೆ ಕೋಲನ್ ಇರೋ ಆ ಹೆಸರಿನ ಮೇಲೆ. ಲೇಬಲ್ ಹೆಸರು ಅಲ್ಲಿ ನಡಿಯೋ ಕೆಲಸದ ಹೆಸರಾಗಿರ್ಲಿ, ಎಲ್1 ಎಲ್2 ಅಂತ ಇಡ್ಬೇಡಿ.

ನಿಯಮಗಳು ಚುಟುಕಾಗಿ ಹೇಳ್ತೀನಿ. ಗೋಟು ಅದೇ ಫಂಕ್ಷನ್ ಒಳಗೇ ಹಾರ್ಬೇಕು, ಬೇರೆ ಫಂಕ್ಷನ್‌ಗೆ ಹೋಗಲ್ಲ. ಲೇಬಲ್ ಆದ ತಕ್ಷಣ ವೇರಿಯಬಲ್ ಡಿಕ್ಲೇರ್ ಮಾಡೋದು ಸಿ23 ಸ್ಟ್ಯಾಂಡರ್ಡ್‌ಗೆ ಮುಂಚಿನ ನಿಯಮದಲ್ಲಿ ತಪ್ಪು, ಹಳೇ ಕಂಪೈಲರಲ್ಲಿ ಎರರ್ ಬರತ್ತೆ, ಮಧ್ಯ ಒಂದು ಖಾಲಿ ಸೆಮಿಕೋಲನ್ ಹಾಕಿದ್ರೆ ಸರಿ ಹೋಗತ್ತೆ. ವೇರಿಯಬಲ್‌ಗೆ ಮೊದಲ ಬೆಲೆ ಕೊಡೋ ಸಾಲನ್ನ ಹಾರ್ಕೊಂಡು ಹೋದ್ರೆ ಆ ಬೆಲೆ ಸೇರಿರಲ್ಲ, ಒಳಗೆ ಕಸ ಇರತ್ತೆ. ಫಂಕ್ಷನ್ ದಾಟಿ ಹಾರೋಕೆ ಸೆಟ್‌ಜಂಪ್, ಲಾಂಗ್‌ಜಂಪ್ ಅಂತ ಲೈಬ್ರರಿಯಲ್ಲಿ ಇದೆ, ಅದು ಸ್ಟೇಟ್‌ಮೆಂಟ್ ಅಲ್ಲ, ಈ ಹಂತದಲ್ಲಿ ನಿಮಗೆ ಬೇಕಾಗಲ್ಲ.

ಗೋಟು ಬರೆಯುವಾಗ ಇಫ್‌ಗೆ ಬ್ರಾಕೆಟ್ ಹಾಕಿ, ನಾನು ಮೇಲೆ ಜಾಗ ಉಳಿಸೋಕೆ ಒಂದೇ ಸಾಲಲ್ಲಿ ಬರೆದೆ, ನೀವು ಹಾಕಿ. 2014 ರ ಫೆಬ್ರವರಿಯಲ್ಲಿ ಆಪಲ್ ಒಂದು ತುರ್ತು ಅಪ್‌ಡೇಟ್ ಬಿಡ್ತು, ಐಫೋನ್ ಮತ್ತೆ ಮ್ಯಾಕ್ ಎರಡರಲ್ಲೂ ಇದ್ದ ತಪ್ಪಿಗೆ. ಸುರಕ್ಷಿತ ವೆಬ್‌ಸೈಟಿನ ಸಹಿ ಪರೀಕ್ಷೆ ಮಾಡೋ ಫಂಕ್ಷನಲ್ಲಿ ಬ್ರಾಕೆಟ್ ಇಲ್ಲದ ಒಂದು ಇಫ್ ಕೆಳಗೆ ಗೋಟು ಫೇಲ್ ಅನ್ನೋ ಸಾಲು ಎರಡು ಸಲ ಬಿದ್ದಿತ್ತು. ಮೊದಲನೇದು ಇಫ್‌ಗೆ ಸೇರಿದ್ದು, ಎರಡನೇದು ಯಾರಿಗೂ ಸೇರಿಲ್ಲ, ಯಾವಾಗ್ಲೂ ನಡಿಯತ್ತೆ. ಕೆಳಗಿದ್ದ ಕೊನೇ ಪರೀಕ್ಷೆ ಆಗೋದೇ ಇಲ್ಲ, ಎರರ್ ವೇರಿಯಬಲ್ ಇನ್ನೂ ಸೊನ್ನೆ, ಹಾಗಾಗಿ ಸಹಿ ಸರಿ ಇದೆ ಅಂತ ರಿಟರ್ನ್. ಇಂಡೆಂಟ್ ಕಣ್ಣಿಗೆ ಮೋಸ ಮಾಡೋ ಇಂಥ ಸಾಲುಗಳಿಗೆ ಜಿಸಿಸಿ 6 ರಿಂದ ಡಬ್ಲ್ಯೂ ಆಲ್ ಫ್ಲ್ಯಾಗಲ್ಲೇ ವಾರ್ನಿಂಗ್ ಬರತ್ತೆ.

ಈಗ ನಿಮ್ಮ ಸರದಿ

ಟ್ಯಾಂಕರ್ ಪ್ರೋಗ್ರಾಮನ್ನ ಟೈಪ್ ಮಾಡಿ ಓಡಿಸಿ, ಸರಾಸರಿ 8000 ಬರ್ಬೇಕು. ಆಮೇಲೆ ಮೊದಲ ಇಫ್‌ನಲ್ಲಿರೋ < ಚಿಹ್ನೆಯನ್ನ <= ಮಾಡಿ, ಓಡಿಸೋಕೆ ಮುಂಚೆ ಮೊತ್ತ ಎಷ್ಟು ಅಂತ ಹಾಳೇಲಿ ಬರೀರಿ (6000 ಬರೆದಿದ್ರೆ ಸರಿ, ದಿನ 1 ರಲ್ಲೇ ನಿಲ್ಲತ್ತೆ). ಆಮೇಲೆ < ವಾಪಸ್ ಹಾಕಿ, ಆ ಎರಡು ಇಫ್ ಸಾಲುಗಳನ್ನ ಮೇಲೆ ಕೆಳಗೆ ಮಾಡಿ, ಉತ್ತರ ಯಾಕೆ ಬದಲಾಗ್ಲಿಲ್ಲ ಅಂತ ಬಾಣ ಎಳೆದು ನೋಡಿ. ಕೊನೇಲಿ ಪಾರ್ಕಿಂಗ್ ಹುಡುಕಾಟವನ್ನ ಫ್ಲ್ಯಾಗ್ ಇಟ್ಟು ಒಂದ್ಸಲ, ಫಂಕ್ಷನ್ ಮಾಡಿ ರಿಟರ್ನಿಂದ ಒಂದ್ಸಲ ಬರೀರಿ, ಎರಡರಲ್ಲೂ ಲೆವೆಲ್ 1 ರ ಮೂರನೇ ಜಾಗ ಮಾತ್ರ ಖಾಲಿ ಇಟ್ಟು ಓಡಿಸಿ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೂರನೇ ಜಾಗ ಅಂದ್ರೆ 2, ಫಂಕ್ಷನ್ ಕೊಡ್ಬೇಕಾದ ಉತ್ತರ 22.